ಒಥೋನಿಗೆ ಕೊಡದ ಉತ್ತರ

ಗುರುಕಿರಣ ಕಾರಿನಿಂದ ಮದ್ದಳೆಯನ್ನು ಇನ್ನೂ ಪೂರ್ತಿ ಎತ್ತಿರಲಿಲ್ಲ, ಜಲಜಕ್ಕ ಬಂದು ಅದರ ಮೇಲೆ ಕೈ ಊರಿ ನಿಂತುಬಿಟ್ಟರು.

“ಎಂತ ಮಾರಾಯ ಇದು? ಹೆಣ ಮಲಗಿಸಿದಲ್ಲಿಗೆ ಮದ್ದಳೆಯಾ? ನಿಂಗೆ ತಲೆ ಸರಿ ಉಂಟಾ?”

“ವಿಮಲಕ್ಕ ಬೆಳಿಗ್ಗೆ ಫೋನ್ ಮಾಡಿ ತರ್ಲೇಬೇಕು ಅಂದ್ರು. ನಾನೆಂತ ಮಾಡ್ಲಿ?” ಎಂದ ಗುರುಕಿರಣ. ಅತ್ತು ಅತ್ತು ಅವನ ಮುಖ ಊದಿಕೊಂಡಿತ್ತು.

ಸ್ಯಾನ್ ಹೊಸೆಯ ಫ್ಯೂನರಲ್ ಹೋಮಿನ ಪಾರ್ಕಿಂಗು ತುಂಬಿತ್ತು. ವಿಮಲಾ ಮಗ ಧನುಷನ ಕೈ ಬಿಡಿಸಿಕೊಂಡು ಅವರತ್ತ ಬಂದಳು. “ನಾನೇ ಹೇಳಿದ್ದು ಜಲಜಕ್ಕ.”

“ಒಳಗೆ ಮಲಗಿರುವುದು ನನ್ನ ತಮ್ಮ, ನಿನ್ನ ಗಂಡ. ನೆನಪುಂಟಲ್ಲ?”

“ಉಂಟು. ಅವರಿಗೆ ನಾನೊಂದು ಉತ್ತರ ಕೊಡ್ಲಿಕ್ಕುಂಟು. ಸುಡುವ ಒಲೆಯ ಬಾಗಿಲು ಮುಚ್ಚಿದ ಮೇಲೆ ಯಾರಿಗೆ ಕೊಡುದು?”

“ಅಮ್ಮಾ, ಪ್ಲೀಸ್,” ಎಂದ ಧನುಷ್. “ಅಪ್ಪನ ಆಫೀಸಿನವರೆಲ್ಲ ಬಂದಿದ್ದಾರೆ. ಏನ್ ತಿಳ್ಕೊಳ್ತಾರೆ?”

ವಿಮಲಾ ಮದ್ದಳೆಯ ಒಂದು ತುದಿಯನ್ನು ತಾನೇ ಹಿಡಿದಳು.

*

ವಿಮಲಾಳ ಗಂಡ ಜಯಕರ ಶೆಟ್ಟರ ಬದುಕನ್ನು ಹೇಳಲು ಕೂತರೆ ಹೆಚ್ಚು ಹೊತ್ತು ಬೇಡ. ಚಿಪ್ ಕಂಪನಿಯಲ್ಲಿ ಟೆಸ್ಟಿಂಗು, ಫ್ರೀವೇಯಲ್ಲಿ ಅರ್ಧ ಆಯುಷ್ಯ, ಮಗನ ಶಾಲೆಗಾಗಿ ಕ್ಯುಪರ್ಟಿನೋದಲ್ಲಿ ಕೈ ಸುಡುವ ಬೆಲೆಗೆ ಕೊಂಡ ಪುಟ್ಟ ಮನೆ. ಆ ಮನೆಯ ಗರಾಜಿಗೆ ಮಾತ್ರ ಕಾರು ಕಾಲಿಡುವ ಭಾಗ್ಯ ಬರಲಿಲ್ಲ. ಅಲ್ಲಿ ಭಾನುವಾರದ ಸಂಜೆ ಚಾಪೆ ಹಾಸುತ್ತಿದ್ದರು, ತಾಳಮದ್ದಳೆ ನಡೆಯುತ್ತಿತ್ತು. ಹಾಡಿ ನಡೆಸುವ ಭಾಗವತಿಕೆಗೆ ಉಲ್ಲಾಸ್, ಮದ್ದಳೆಗೆ ಗುರುಕಿರಣ. ವೇಷವಿಲ್ಲ, ಕುಣಿತವಿಲ್ಲ. ಒಂದು ಹಾಡು, ಅದರ ಬೆನ್ನಿಗೆ ಅರ್ಥಧಾರಿಯ ಮಾತು, ಆ ಮಾತಿಗೆ ಎದುರು ಮಾತು. ಎಲ್ಲವೂ ಆಗಿಂದಾಗ ಹುಟ್ಟಬೇಕು.

ಧನುಷ್ ಆರನೆಯ ತರಗತಿಯಲ್ಲಿದ್ದಾಗ ರೋಮಿನ ಚರಿತ್ರೆಯ ಮೇಲೆ ಪೋಸ್ಟರು ಮಾಡಬೇಕಿತ್ತು. ಹುಡುಗ ಗೊಣಗುತ್ತ ಮಲಗಿದ. ಅಪ್ಪ ಅವನ ಪುಸ್ತಕ ಹಿಡಿದು ಕೂತವರು ಅಡುಗೆಮನೆಗೇ ಓಡಿ ಬಂದರು.

“ವಿಮಲಾ, ಕೇಳು! ಕ್ರಿಸ್ತಶಕ ಅರವತ್ತೊಂಬತ್ತು. ಒಂದೇ ವರ್ಷದಲ್ಲಿ ನಾಲ್ಕು ಚಕ್ರವರ್ತಿಗಳು! ಜನವರಿಯಲ್ಲಿ ಮುದುಕ ಗಾಲ್ಬನನ್ನು ನಡುಪೇಟೆಯಲ್ಲಿ ಕಡಿದ್ರು, ಒಥೋ ಕೂತ. ಏಪ್ರಿಲಿನಲ್ಲಿ ಒಥೋ ಹೋದ, ವಿಟೆಲಿಯಸ್ ಬಂದ. ವರ್ಷ ಮುಗಿಯುವುದರೊಳಗೆ ಅವನನ್ನೂ ಬೀದಿಯಲ್ಲಿ ಎಳೆದು ಕೊಂದ್ರು, ವೆಸ್ಪಾಸಿಯನ್ ಪಟ್ಟಕ್ಕೆ ಬಂದ. ಇದು ಹೋಂವರ್ಕ್ ಅಲ್ಲ ಮಾರಾಯ್ತಿ, ಪ್ರಸಂಗ!”

ಪೋಸ್ಟರು ಅವಸರದಲ್ಲಿ ಮುಗಿಯಿತು. ಗರಾಜಿನ ತಾಳಮದ್ದಳೆಯಲ್ಲಿ ಆ ಪ್ರಸಂಗ ಮಾತ್ರ ವರ್ಷ ವರ್ಷವೂ ಬೆಳೆಯಿತು. ಅದರಲ್ಲಿ ಜಯಕರರು ಯಾವಾಗಲೂ ಒಥೋ. ಒಂದು ಯುದ್ಧ ಸೋತಿದ್ದಾನೆ, ಆದರೆ ಇನ್ನಷ್ಟು ಸೈನ್ಯ ದಾರಿಯಲ್ಲಿದೆ. ಹೋರಾಡು ಎಂದು ಕಾವಲು ಪಡೆಯ ನಾಯಕ ಫರ್ಮಸ್ ಬೇಡುತ್ತಾನೆ. ಒಥೋ ಒಲ್ಲೆನೆನ್ನುತ್ತಾನೆ. ನನಗಾಗಿ ಇನ್ನು ಯಾರೂ ಸಾಯುವುದು ಬೇಡ ಎಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ, ಬೆಳಗಾದೊಡನೆ ತನ್ನ ಕೈಯಾರೆ ಪ್ರಾಣ ಬಿಡುತ್ತಾನೆ. ಫರ್ಮಸನ ಪಾತ್ರ ವಿಮಲಾಳದು.

“ಮಾತು ಮುಗಿಸುವಾಗ ಎದುರಿನವರಿಗೆ ಒಂದು ಎಳೆ ಬಿಟ್ಟುಕೊಡಬೇಕು,” ಎಂದು ಅವರೇ ಅವಳಿಗೆ ಕಲಿಸಿದ್ದು. “ಬಾಯಿ ಮುಚ್ಚಿಸುವವ ಅರ್ಥಧಾರಿಯಲ್ಲ, ವಕೀಲ.”

ಮನೆಯ ಜಗಳದಲ್ಲೂ ಅದೇ ಚಾಳಿ. ಕೊನೆಗೊಂದು ಪ್ರಶ್ನೆ ಎಸೆದು, ಅವಳ ಉತ್ತರ ಬರುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಎಷ್ಟೋ ಸಲ ಆಫೀಸಿಗೆ ತಡವಾಗಿದ್ದು ಹೀಗೆ.

*

ಹೊಟ್ಟೆಯೊಳಗಿನ ಗಡ್ಡೆಗೆ ಇನ್ನೊಂದು ಔಷಧಿ ಇದೆ, ಪ್ರಯತ್ನಿಸಬಹುದು ಎಂದು ಡಾಕ್ಟರು ಹೇಳಿದ ವಾರ ಜಯಕರರು ಹಟ ಹಿಡಿದು ಗರಾಜಿನಲ್ಲಿ ಚಾಪೆ ಹಾಸಿಸಿದರು. ದಿಂಬಿಗೆ ಒರಗಿ ಕೂತಿದ್ದರೂ ಸ್ವರ ಮಾತ್ರ ಚಕ್ರವರ್ತಿಯದೇ.

“ಫರ್ಮಸಾ, ಇನ್ನೂ ಸೈನ್ಯವಿದೆ ಎನ್ನುತ್ತೀಯೆ. ಇದೆ, ನಾನು ಬಲ್ಲೆ. ಆದರೆ ನನ್ನೊಬ್ಬನನ್ನು ಉಳಿಸಲು ನಿಮ್ಮೆಲ್ಲರ ದಿನಗಳನ್ನು ಇನ್ನೆಷ್ಟು ಸುಡಲಿ? ನನಗೆ ಸಾಕು. ಹೇಳು, ನಾನು ಹೊರಟ ಮರುದಿನ ಬೆಳಿಗ್ಗೆ ಎದ್ದು ನೀನು ಏನು ಮಾಡುವೆ?”

ಒಥೋ ಎಂದೂ ಕೇಳದ ಪ್ರಶ್ನೆ ಅದು. ಗಂಡ ಮಾತಾಡುತ್ತಿರುವುದು ತನ್ನೊಡನೆ ಎಂದು ವಿಮಲಾಳಿಗೆ ತಟ್ಟನೆ ಹೊಳೆಯಿತು. ಔಷಧಿ ಬೇಡವೆಂದು ತೀರ್ಮಾನಿಸಿಯಾಗಿದೆ. ಅವಳು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಕುಕ್ಕರನ್ನೇ ಮತ್ತೆ ತೊಳೆಯತೊಡಗಿದಳು. ಗರಾಜಿನಲ್ಲಿ ಮದ್ದಳೆ ನಿಂತಿತು.

ಸ್ವಲ್ಪ ಹೊತ್ತಿಗೆ ಜಯಕರರು ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. “ಉತ್ತರ ಕೊಡದೆ ಎದ್ದು ಬಂದೆಯಲ್ಲ?”

“ಮನೆ ವಿಷಯ ನಾಲ್ಕು ಜನರ ಎದುರು ಹೇಳ್ತಾರಾ?”

“ನೀನು ಒಬ್ಬಳೇ ಇರುವಾಗ ಹೇಳ್ಲಿಕ್ಕೆ ನಂಗೆ ಧೈರ್ಯ ಬರ್ಲಿಲ್ಲ.”

“ಉತ್ತರ ಈಗ ಕೊಡುದಿಲ್ಲ. ಬರುವ ಭಾನುವಾರ ಕೇಳಿ.”

ಅವರು ನಕ್ಕರು. “ಆಯ್ತು. ಕೇಳಿಯೇ ಹೋಗ್ತೇನೆ.”

ವಿಮಲಾ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಉತ್ತರ ಕೇಳದೆ ಹೊರಡುವ ಮನುಷ್ಯನಲ್ಲ ಅವರು. ಹಾಗಾದರೆ ಉತ್ತರ ಕೊಡದೇ ಇದ್ದರಾಯಿತು! ಮುಂದಿನ ಭಾನುವಾರ ಅವರು ಹಾಸಿಗೆಯಿಂದ “ಹೂಂ, ಹೇಳು” ಎಂದಾಗ, “ಮದ್ದಳೆಯಿಲ್ಲದೆ ಹೇಗೆ ಹೇಳುದು? ಮೊದಲು ಎದ್ದು ಕೂತ್ಕೊಳ್ಳಿ,” ಎಂದಳು. ಆಮೇಲೆ ಅವರಿಗೆ ಮಾತು ನಿಂತಿತು. ಕಣ್ಣು ಮಾತ್ರ ಕೇಳುತ್ತಿತ್ತು. ಅವಳು ಗಂಜಿ ಕುಡಿಸಿದಳು, ತುಟಿ ಒರೆಸಿದಳು, ಉತ್ತರ ಕೊಡಲಿಲ್ಲ. ಮೊನ್ನೆ ಬೆಳಿಗ್ಗೆ ಅವಳು ಚಹಾಕ್ಕೆ ನೀರಿಟ್ಟು ಬರುವಷ್ಟರಲ್ಲಿ ಅವರು ಹೊರಟುಹೋಗಿದ್ದರು.

*

ಫ್ಯೂನರಲ್ ಹೋಮಿನ ಒಳಗೆ ಶವಪೆಟ್ಟಿಗೆ ತೆರೆದಿತ್ತು. ಜಯಕರರಿಗೆ ಭಾನುವಾರದ ಬಿಳಿ ಪಂಚೆ ಉಡಿಸಿ, ಜರಿ ಶಾಲು ಹೊದಿಸಿದ್ದರು. ವಿಮಲಾ ಒಂದು ಕುರ್ಚಿ ಎಳೆದು ಅವರ ಎದುರಿಗೆ ಹಾಕಿಕೊಂಡಳು.

ಜಲಜಕ್ಕ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಧನುಷ್ ಅವರ ಭುಜ ಮುಟ್ಟಿದ. “ಅತ್ತೆ, ಲೆಟ್ ಹರ್. ಇದು ನನ್ನ ಪೋಸ್ಟರಿಂದ ಶುರುವಾಗಿದ್ದು.” ಜಲಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತರು.

ಉಲ್ಲಾಸ್ ತಾಳವಿಲ್ಲದೆ, ತಗ್ಗಿದ ಕಂಠದಲ್ಲಿ ಫರ್ಮಸನ ಪದ್ಯ ಎತ್ತಿದ. ಗುರುಕಿರಣನ ಬೆರಳು ಮದ್ದಳೆಯನ್ನು ಮುಟ್ಟಿಯೂ ಮುಟ್ಟದಂತೆ ಆಡಿತು. ಪದ್ಯ ಮುಗಿಯಿತು.

“ಪ್ರಭೂ,” ಎಂದಳು ವಿಮಲಾ. “ಮರುದಿನ ಬೆಳಿಗ್ಗೆ ಎದ್ದು ಏನು ಮಾಡುವೆ ಎಂದು ಕೇಳಿದಿರಿ. ಚಹಾ ಇಡುತ್ತೇನೆ. ಎರಡು ಲೋಟದಷ್ಟೇ ಇಡುತ್ತೇನೆ, ಈ ಕೈಗೆ ಬೇರೆ ಅಳತೆ ಬಾರದು. ಆಮೇಲೆ ನಿಮ್ಮ ಮೇಲೆ ಸಿಟ್ಟು ಮಾಡುತ್ತೇನೆ. ನಿಮ್ಮನ್ನು ಕಾಯುವುದು ನಮಗೆ ಭಾರವಾಯಿತೆಂದು ನಿಮಗೆ ಹೇಳಿದವರು ಯಾರು? ನಾವು ಕೇಳದಿದ್ದರೂ ನಮ್ಮ ದಿನಗಳನ್ನು ಉಳಿಸಿಕೊಟ್ಟಿರಿ. ದೊಡ್ಡವರು ನೀವು, ಕೊಟ್ಟದ್ದನ್ನು ತೆಗೆದುಕೊಂಡೆ.”

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎದುರಿನವರಿಗೆ ಒಂದು ಎಳೆ ಬಿಟ್ಟುಕೊಡಬೇಕಲ್ಲ.

“ಆದರೆ ಪ್ರಭೂ, ಆ ದಿನಗಳನ್ನೆಲ್ಲ ನಾನು ಯಾರೊಡನೆ ಜಗಳವಾಡಿ ಕಳೆಯಲಿ? ಅದನ್ನು ಹೇಳಿ.”

ಉಲ್ಲಾಸ್ ಅಭ್ಯಾಸಬಲದಿಂದ ಪೆಟ್ಟಿಗೆಯತ್ತ ತಿರುಗಿದ. ಗುರುಕಿರಣನ ಕೈ ಮದ್ದಳೆಯ ಮೇಲೆ ಹಾಗೆಯೇ ನಿಂತಿತು. ಜಲಜಕ್ಕ, ಧನುಷ್, ಕನ್ನಡದ ಗಂಧವಿಲ್ಲದ ಆಫೀಸಿನವರು ಕೂಡ ಅತ್ತಲೇ ನೋಡಿದರು. ವಿಮಲಾ ಕುರ್ಚಿಯ ಅಂಚಿಗೆ ಸರಿದು, ತಲೆಯನ್ನು ತುಸು ಓರೆ ಮಾಡಿ, ಕಿವಿಗೊಟ್ಟು ಕುಳಿತಿದ್ದಳು.