ಜುಂಜಯ್ಯ ಯಾರ ಆಳು

“ಏ ಬೋಸುಡಿ, ನಿನ್ ಗಂಡ ಕುಡ್ದು ಸತ್ತಾನೆ! ಹೆಣ ತಗಂಡು ಕೇರಿಗೆ ನಡಿ!”

ಮೇಸ್ತ್ರಿ ಉಗ್ರಪ್ಪ ಹೀಗೆ ಕೂಗುವಾಗ ಗಂಗಕ್ಕ ಮಿಲ್ಲಿನ ಕಾಂಪೌಂಡಿನಾಚೆ, ಹುಣಸೆಮರದಡಿ ಗಂಡ ಜುಂಜಯ್ಯನ ಮುಖ ಒರೆಸುತ್ತಿದ್ದಳು. ಒರೆಸಿದಷ್ಟೂ ಎಣ್ಣೆಮಡ್ಡಿ ಬರುತ್ತಿತ್ತು. ಕುಡಿದು ಸತ್ತವನ ಮೂಗಿಗೆ ಮಡ್ಡಿ ಹೇಗೆ ಬಂತು ಅಂತ ಪೊಲೀಸಪ್ಪ ಕೇಳಲಿಲ್ಲ. ಅವನು ಧಣಿಯ ಕಾಫಿ ಕುಡಿಯುತ್ತಿದ್ದ.

ನಾನು ಕಾಳಕ್ಕ, ಅದೇ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುವವಳು. ಹಿರಿಯೂರಿನ ಈ ಎಣ್ಣೆಮಿಲ್ಲು ನನ್ನ ಕಣ್ಣೆದುರೇ ಕೈ ದಾಟುತ್ತ ಬಂದಿದೆ. ಕಟ್ಟಿಸಿದವರು ತೀರಿದರು. ಮಕ್ಕಳು ಕಿತ್ತಾಡಿ ಚಿತ್ರಲಿಂಗಪ್ಪನಿಗೆ ಮಾರಿದರು. ಆತ ರಿಫೈನರಿ ಹಾಕಿ ಕೈಸುಟ್ಟುಕೊಂಡು ದಾವಣಗೆರೆ ಧಣಿಗೆ ಮಾರಿದ. ಪ್ರತಿ ಸಲವೂ ಬೋರ್ಡು ಬದಲಾಯಿತು. ನಮ್ಮ ಕೆಮ್ಮು ಅದೇ.

ಟ್ಯಾಂಕಿನ ಎಣ್ಣೆ ಬಸಿದ ಮೇಲೆ ಮುಚ್ಚಳ ತೆಗೆದು ಒಂದು ದಿನ ಗಾಳಿಗೆ ಬಿಡಬೇಕು. ಆಮೇಲೇ ಆಳು ಇಳಿದು ತಳದ ಮಡ್ಡಿ ಕೆರೆಯಬೇಕು. ಆದರೆ ಹೊಸ ಧಣಿಗೆ ಇವತ್ತೇ ಪೂಜೆ, ಇವತ್ತೇ ಮಿಷನ್ನು ಶುರುವಾಗಬೇಕು. ಕೋಳಿ ಕೂಗುವಾಗಲೇ ಮುಚ್ಚಳ ತೆಗೆಸಿ ಜುಂಜಯ್ಯನನ್ನು ಇಳಿಸಿದರು. ಕೆಟ್ಟ ಗಾಳಿ ಕುಡಿದು ಒಳಗೇ ಬಿದ್ದ. ನಮ್ಮ ಕೇರಿಯ ಗಂಡಸರಿಂದಲೇ ಹಗ್ಗ ಎಳೆಸಿ, ಹೊರಗೆ ಮರದಡಿ ಹಾಕಿಸಿದರು.

ಗಂಗಕ್ಕ ಕಾಸು ಕೇಳಲಿಲ್ಲ. “ಮಿಲ್ಲಿನಾಗೆ ಸತ್ತ ಅಂತ ಒಂದ್ ಮಾತು ಹೇಳ್ರಿ” ಅಂದಳು.

“ನಿನ್ನೆನೇ ರಿಜಿಸ್ಟ್ರಿ ಮಾಡಿ ಕೊಟ್ಟೀನಮ್ಮ, ಮಿಲ್ಲು ನಂದಲ್ಲ” ಅಂದ, ಪೂಜೆಗೆ ಬಂದಿದ್ದ ಚಿತ್ರಲಿಂಗಪ್ಪ.

“ನಂದಿನ್ನೂ ಪೂಜೆನೇ ಆಗಿಲ್ಲ. ಅವ್ನು ನನ್ ಆಳಲ್ಲ” ಅಂದ ಹೊಸ ಧಣಿ.

ಇಬ್ಬಿಬ್ಬರು ಧಣಿಗಳಿದ್ದೂ ಜುಂಜಯ್ಯ ದಿಕ್ಕಿಲ್ಲದ ಹೆಣವಾದ.

ಒಳಗೆ ಪೂಜೆಯ ಗಂಟೆ ಕೇಳಿಸಿತು. ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದಳು.

“ಕಾಳಕ್ಕ, ಕಾಲು ಹಿಡ್ಕಳೇ.”

ಹೆಂಗಸರೇ ಹೊತ್ತು ನಡೆದೆವು. ಗೇಟು ದಾಟಿ, ಮಾವಿನ ತೋರಣದ ಕೆಳಗೆ, ಮಿಲ್ಲಿನ ಹೊಸಿಲಿಗೆ ಅಡ್ಡ ಮಲಗಿಸಿದೆವು. ನಮ್ಮ ಕಡೆ ಬೀದಿಯಲ್ಲಿ ಹೆಣ ಇದ್ದರೆ ಗುಡಿಯ ಬಾಗಿಲೇ ತೆರೆಯುವುದಿಲ್ಲ.

“ಸೂತಕ! ಹೆಣ ಎತ್ತೋವರ್ಗೂ ಮಂಗಳಾರತಿ ಇಲ್ಲ!” ಅಂದ ಪೂಜಾರಿ ತಟ್ಟೆ ಎತ್ತಿಕೊಂಡು ಹಿಂಬಾಗಿಲಿಂದ ಹೋದ.

“ಎಮರ್ಜೆನ್ಸಿ ಐತೆ ಕಣ್ರಲೇ! ಗುಂಪು ಕೂಡಿದ್ರೆ ಜೈಲು!” ಉಗ್ರಪ್ಪ ಅರಚಿದ.

“ಹಾಕ್ಸಲೇ. ಮೊದ್ಲು ಇವನ್ನ ಎತ್ತು. ಮುಟ್ತೀಯಾ?” ಅಂದಳು ಗಂಗಕ್ಕ.

ಉಗ್ರಪ್ಪ ಹಿಂದೆ ಸರಿದ. ಹಗ್ಗ ಎಳೆದ ನಮ್ಮ ಗಂಡಸರ ಕಡೆ ಕೈ ಮಾಡಿ, “ಎತ್ರಲೇ” ಅಂದ. ಅವರು ತಲೆ ತಗ್ಗಿಸಿ ಬಂದರು. ಬಂದು ಹೆಣದ ಸುತ್ತ ಕುಂತರು. ಬಾಯ್ಲರಿಗೆ ಬೆಂಕಿ ಹಾಕುವ ಹನುಮಂತಪ್ಪನೂ ಬಂದು ಕುಂತ.

ಹೊತ್ತೇರಿತು. ನೊಣ ಮುತ್ತಿದವು. ಗಂಗಕ್ಕ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಧಣಿಗಳತ್ತ ನೋಡಿದಳು.

“ಈಗ್ ಹೇಳ್ರಿ, ಎಲ್ಲಿ ಸತ್ತ?”