ಸೂಗಪ್ಪನ ಕಂದು ಚಸ್ಮಾ

ಸಿಂಧನೂರಿನಲ್ಲಿ ವಿಡಿಯೊ ಅಂಗಡಿ ಇಟ್ಟಿದ್ದ ಸೂಗಪ್ಪನಿಗೆ ಹೆಣ್ಣು ಸಿಗದೆ ಇದ್ದುದಕ್ಕೆ ಜಾತಕ ಕಾರಣವಲ್ಲ, ಹೊಲಮನೆಯೂ ಕಾರಣವಲ್ಲ, ಅವನ ಕಣ್ಣು ಕಾರಣ. ಉಳಿದಂತೆ ಹುಡುಗ ಚಿನ್ನದಂಥವನು. ಮೂಗು ನೆಟ್ಟಗೆ, ಮಾತು ಮೆತ್ತಗೆ. ಕಣ್ಣು ಮಾತ್ರ ಮೂರು ಹೊತ್ತೂ ಮೆಣಸಿನಕಾಯಿ ಒರೆಸಿಕೊಂಡವರ ಹಾಗೆ ಕೆಂಪಗೆ.

ಎಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು ಅವು. ಕಾಲುವೆ ನೀರು ಬಂದು ಭತ್ತ ಬೆಳೆದ ಮೇಲೆ ಆಂಧ್ರದಿಂದ ಬಂದು ಸುತ್ತಲಿನ ಕ್ಯಾಂಪುಗಳಲ್ಲಿ ನೆಲೆಸಿದ್ದ ತೆಲುಗು ಮಂದಿ, ನಾಟಿ ಮುಗಿಯಿತೆಂದರೆ ಸಾಕು, ಸೂಗಪ್ಪನ ಅಂಗಡಿಯಿಂದ ಟಿವಿಯನ್ನೂ ವಿಸಿಆರನ್ನೂ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಜೊತೆಗೆ ಸೂಗಪ್ಪನನ್ನೂ ಹೇರಿಕೊಂಡು ಹೋಗುತ್ತಿದ್ದರು. ಕ್ಯಾಸೆಟ್ ಬದಲಿಸಬೇಕು, ಪರದೆಯ ಮೇಲೆ ಗೆರೆ ಓಡಿದರೆ ಸ್ಪಿರಿಟ್ಟಿನಲ್ಲಿ ವಿಸಿಆರಿನ ಹೆಡ್ಡು ಒರೆಸಬೇಕು. ಬೆಳಗಾದ ಮೇಲೆ ಬಂದು ಮಲಗುವ ಹಾಗೂ ಇರಲಿಲ್ಲ. ವಾಪಸು ಬಂದ ಕ್ಯಾಸೆಟ್ಟನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ ನೋಡಿಯೇ ಮುಂದಿನ ಗಿರಾಕಿಗೆ ಕೊಡುವುದು ಅವನ ಅಂಗಡಿಯ ಶಿಸ್ತು. ಆ ಶಿಸ್ತು ಅವನ ಕಣ್ಣನ್ನು ತಿಂದುಹಾಕಿತ್ತು.

ಮೊದಲ ಹೆಣ್ಣು ನೋಡಿದ್ದು ಬಳಗಾನೂರಿನಲ್ಲಿ. ಹುಡುಗಿಯ ತಾಯಿ ಅವನ ಮುಖ ನೋಡಿದವಳೇ, "ಹಾಡಹಗಲಾ ಸೇಂದಿ ಕುಡಿದು ಬಂದಾನ" ಎಂದು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಚಹಾವೂ ಬರಲಿಲ್ಲ. ಸೇಂದಿಯ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವ ಸೂಗಪ್ಪ ಬಸ್ಸಿನಲ್ಲಿ ಕೂತು ಹೊಟ್ಟೆ ಉರಿಸಿಕೊಂಡ. ವಳಕಮದಿನ್ನಿಯಲ್ಲಿಯೂ ಅದೇ ಕಥೆ. ಅಷ್ಟು ಹೊತ್ತಿಗೆ ಕುಡುಕನೆಂಬ ಹೆಸರು ಅವನಿಗಿಂತ ಮೊದಲಿನ ಬಸ್ಸು ಹಿಡಿದು ಊರೂರು ಸುತ್ತುತ್ತಿತ್ತು. ಇನ್ನು ಈಗ ಬಂದಿದ್ದ ಮಸ್ಕಿಯ ಸಂಬಂಧವೂ ತಪ್ಪಿದರೆ ತನಗೆ ಮದುವೆಯೇ ಇಲ್ಲ ಎಂದು ಅವನಿಗೆ ಖಾತ್ರಿಯಾಯಿತು.

ಅವನ ಸೋದರಮಾವ ದುರುಗಪ್ಪ ಮುದಗಲ್ಲಿನವನು, ಮದುವೆ ಕುದುರಿಸುವುದರಲ್ಲಿ ಪಳಗಿದ ಕೈ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರು ಹೇಳಿದ್ದಾರಲ್ಲ, ಅದರಲ್ಲಿ ಮದುವೆಯನ್ನು ಬಿಟ್ಟು ಸುಳ್ಳನ್ನಷ್ಟೇ ಹಿಡಿದುಕೊಂಡವನು. ಅವನು ಅಳಿಯನನ್ನು ಲಿಂಗಸುಗೂರಿಗೆ ಕರೆಸಿಕೊಂಡು ಬಸ್‌ಸ್ಟ್ಯಾಂಡಿನ ಪಕ್ಕದ ಬುಡ್ಡೇಸಾಬನ ಚಸ್ಮಾ ಅಂಗಡಿಗೆ ಎಳೆದುಕೊಂಡು ಹೋದ.

ಬುಡ್ಡೇಸಾಬ್ ಸೂಗಪ್ಪನ ಗದ್ದ ಹಿಡಿದು ಕಣ್ಣೊಳಗೆ ಇಣುಕಿದ. "ಯಾ ಅಲ್ಲಾ! ಟಿವಿ ಮುಂದ ಕೂಡ್ತೀಯೇನಪಾ? ಆ ಬೆಳಕು ಅಂದ್ರ ಬೆಳಕಲ್ಲ, ಜಾಲಿಮುಳ್ಳು. ಇದನ್ನ ಹಾಕ್ಕೋ. ಟಿವಿ ಇರಲಿ, ಟ್ಯೂಬ್‌ಲೈಟ್ ಇರಲಿ, ಕಣ್ಣಿಗೆ ತಂಪು" ಎಂದು ಕಂದು ಗಾಜಿನ ಚಸ್ಮಾ ಏರಿಸಿದ.

ಸುಳ್ಳು ಹೇಳಬಾರದು, ತಂಪು ಇತ್ತು. ಆ ವಾರ ಅಂಗಡಿಯಲ್ಲಿ ಟಿವಿ ಹಚ್ಚಿದರೆ ಕಣ್ಣಿಗೆ ಚುಚ್ಚುತ್ತಿದ್ದ ಬೆಳಕು ಬೆಲ್ಲದ ಪಾಕದೊಳಗಿಂದ ಸೋಸಿ ಬಂದಂತೆ ಮೆತ್ತಗಾಯಿತು. ನೀರು ಸೋರುವುದು ನಿಂತಿತು. ಕೆಂಪು ಮಾತ್ರ ಇಳಿಯಲಿಲ್ಲ, ಅದು ವರ್ಷಗಟ್ಟಲೆ ಕೂಡಿಸಿಟ್ಟ ಗಂಟು. "ಚಿಂತಿಲ್ಲ" ಎಂದ ದುರುಗಪ್ಪ. "ಮಸ್ಕಿಯಾಗ ಚಸ್ಮಾ ಮಾತ್ರ ತೆಗಿಬ್ಯಾಡ. ಆಕಾಶ ಕಳಚಿ ಬಿದ್ರೂ ತೆಗಿಬ್ಯಾಡ."

ಮಸ್ಕಿಯ ಮುದುಕಪ್ಪನ ಮನೆಗೆ ಅವರು ಹೋದಾಗ ಹೊತ್ತು ಮುಳುಗಿತ್ತು. ಹೆಣ್ಣಿನ ತಂದೆ ಮುದುಕಪ್ಪನೂ ಕಡಿಮೆಯವನಲ್ಲ. ಮಗಳು ಬಸ್ಸಮ್ಮ ಒಂದು ಸುತ್ತು ಬೆಳ್ಳಗೆ ಕಾಣಲಿ ಎಂದು ಪಡಸಾಲೆಗೆ ಹೊಸ ಟ್ಯೂಬ್‌ಲೈಟ್ ಹಾಕಿಸಿದ್ದ. ಅದರ ಬೆಳಕಿನಲ್ಲಿ ಗೋಡೆ, ಕೋಳಿ, ಮುದುಕಪ್ಪ ಎಲ್ಲವೂ ಸುಣ್ಣ ಬಳಿದಂತೆ ಹೊಳೆಯುತ್ತಿದ್ದವು. ಮೂಲೆಯಲ್ಲಿ ಮುದುಕಪ್ಪನ ತಾಯಿ ಆದಮ್ಮ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಆ ಲೈಟಿಗೆ ಶಾಪ ಹಾಕುತ್ತ ಕೂತಿದ್ದಳು. ಆ ಮನೆಯಲ್ಲಿ ಮುದುಕಪ್ಪನ ಹೆಸರಿಗೆ ಹೊಲವಿತ್ತು, ಆದಮ್ಮನ ಹೆಸರಿಗೆ ಮಾತಿತ್ತು. ಅವಳು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ.

ಬಸ್ಸಮ್ಮ ತಟ್ಟೆ ತಂದಿಟ್ಟಳು. ಅವಲಕ್ಕಿ, ಪಕ್ಕದಲ್ಲಿ ಒಂದು ಬೆಲ್ಲದ ತುಂಡು, ಒಂದು ನಿಂಬೆ ಉಪ್ಪಿನಕಾಯಿ. ಕಾಮಾಲೆಯವನಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ, ಸೂಗಪ್ಪನಿಗೆ ಎಲ್ಲವೂ ಬೆಲ್ಲ. ಬಾಯಿ ಸಿಹಿ ಮಾಡಿಕೊಳ್ಳೋಣವೆಂದು ಅವನು ಒಂದಿಡೀ ಉಪ್ಪಿನಕಾಯಿ ಹೋಳನ್ನು ಬಾಯಿಗೆ ಹಾಕಿಕೊಂಡ. ಉಗುಳಿದರೆ ಮರ್ಯಾದೆ ಹೋಗುತ್ತದೆ, ನುಂಗಿದರೆ ಜೀವ ಹೋಗುತ್ತದೆ. ಅವನು ಮರ್ಯಾದೆ ಉಳಿಸಿಕೊಂಡ. ಬಾಗಿಲ ಮರೆಯಿಂದ ಕಿಸಕ್ಕೆಂದು ನಗೆ ಕೇಳಿಸಿತು. ನೋಡಿದರೆ ಬಸ್ಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಭುಜ ಮಾತ್ರ ಕುಣಿಯುತ್ತಿದೆ. ಆ ನಗೆಯಲ್ಲಿ ಕುಹಕ ಇರಲಿಲ್ಲ. ಈ ಹುಡುಗಿಯೇ ಬೇಕು, ಬೇರೆ ಯಾರೂ ಬೇಡ ಎಂದು ಸೂಗಪ್ಪನಿಗೆ ಆ ಕ್ಷಣವೇ ಅನ್ನಿಸಿಬಿಟ್ಟಿತು, ಉಪ್ಪಿನಕಾಯಿ ಇನ್ನೂ ಗಂಟಲಲ್ಲೇ ಇರುವಾಗ.

ಆಗ ಮೂಲೆಯಿಂದ ಆದಮ್ಮ ಬಾಯಿ ಬಿಟ್ಟಳು. "ತಮ್ಮಾ, ಹೊತ್ತು ಮುಳುಗೇತಿ. ಬಿಸಿಲು ಎಲ್ಲೈತಿ ಅಂತ ಕರಿ ಚಸ್ಮಾ ಹಾಕ್ಕೊಂಡು ಕುಂತೀಯಪಾ?"

ದುರುಗಪ್ಪ ಮುಂದೆ ಬಂದ. "ಅದು ಪ್ಯಾಟಿ ಪದ್ಧತಿ, ಯವ್ವಾ. ಸಿಂಧನೂರಾಗ ದೊಡ್ಡ ದೊಡ್ಡ ಮಂದಿಯೆಲ್ಲ ಹಿಂಗಾ."

"ದೊಡ್ಡ ಮಂದಿಗೆ ಕಣ್ಣು ಎರಡು ಇರ್ತಾವು. ಈತಗ ಎಷ್ಟು ಅದಾವ ಅಂತ ನನಗ ಕಾಣವಲ್ದು. ನನ್ನ ನೋಡಾಕ ಬಂದಾಗ ನನ್ನ ಕೈಯಾಗ ಮೊರ ಕೊಟ್ಟು ಅಕ್ಕಿ ಹಸನು ಮಾಡು ಅಂದಿದ್ರು, ಕಣ್ಣು ಚಲೋ ಅದಾವೋ ಇಲ್ಲೋ ಅಂತ. ಹೆಣ್ಣಿಗೆ ಇದ್ದ ಪರೀಕ್ಷಾ ಗಂಡಿಗ್ಯಾಕ ಬ್ಯಾಡ? ಬಸ್ಸೀ, ಮೊರ ತಾರವ್ವಾ!"

ಮೊರ ಬಂತು, ಮೊರದ ತುಂಬ ಅಕ್ಕಿ ಬಂತು. ಗಿರಣಿಯಿಂದ ಬಂದ ಅಕ್ಕಿಯಲ್ಲಿ ಅಲ್ಲಲ್ಲಿ ಸಿಪ್ಪೆ ಬಿಡದ ಭತ್ತ ಇರುತ್ತದೆ, ಬಿಳಿ ಹರಳು ಇರುತ್ತದೆ. ಅದನ್ನು ಆರಿಸಿ ಎಸೆಯಬೇಕು. ಬರಿಗಣ್ಣಿಗೆ ಇದು ಮಕ್ಕಳಾಟ. ಕಂದು ಗಾಜಿನ ಹಿಂದೆ ಕೂತ ಸೂಗಪ್ಪನಿಗೆ ಅಕ್ಕಿ, ಭತ್ತ, ಹರಳು ಮೂರೂ ಒಂದೇ ತಾಯಿಯ ಮಕ್ಕಳ ಹಾಗೆ ಕಂಡವು. ಅವನು ದೇವರ ಮೇಲೆ ಭಾರ ಹಾಕಿ ಕೈಗೆ ಸಿಕ್ಕಿದ್ದನ್ನು ಅಂಗಳಕ್ಕೆ ಎಸೆಯತೊಡಗಿದ. ಆ ಟ್ಯೂಬ್‌ಲೈಟನ್ನು ಹಗಲೆಂದುಕೊಂಡು ಗೂಡು ಸೇರದ ಒಂದು ಕೋಳಿ ಬಂತು. ಅದು ಏನು ಸುದ್ದಿ ಮುಟ್ಟಿಸಿತೋ, ಓಣಿಯ ಕೋಳಿಗಳೆಲ್ಲ ಓಡೋಡಿ ಬಂದವು. ಒಂದು ಹುಂಜವಂತೂ ಅವನ ತೊಡೆಯೇರಿ ಕೂತು ನೇರವಾಗಿ ಮೊರಕ್ಕೇ ಬಾಯಿ ಹಾಕಿತು.

ಆದಮ್ಮ ಮೊರದೊಳಗೆ ಕೈಯಾಡಿಸಿದಳು. ಅಕ್ಕಿಯೆಲ್ಲ ಹೋಗಿ ಭತ್ತ, ಹರಳು ಉಳಿದಿದ್ದವು. "ಕೋಳಿಗಳಿಗಂತೂ ಗಂಡು ಒಪ್ಪಿಗಿ ಆಗ್ಯಾನ. ಮನಿಷ್ಯಾರು ಒಪ್ಪಬೇಕಂದ್ರ ಚಸ್ಮಾ ತೆಗಿಬೇಕು."

ಸೂಗಪ್ಪ ಮಾವನ ಮುಖ ನೋಡಿದ. ಮಾವ ಆಕಾಶ ನೋಡುತ್ತಿದ್ದ, ಕಳಚಿ ಬೀಳುವುದೇನೋ ಎಂಬಂತೆ. ತೆಗೆಯದಿದ್ದರೆ ಕುರುಡ, ತೆಗೆದರೆ ಕುಡುಕ. ಬಾಗಿಲಲ್ಲಿ ಬಸ್ಸಮ್ಮ ನಗುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಆ ನೋಟದ ಮುಂದೆ ಸುಳ್ಳು ಹಿಡಿದುಕೊಂಡು ಕೂರಲು ಅವನಿಗೆ ನಾಚಿಕೆಯಾಯಿತು. ಅವನು ಚಸ್ಮಾ ತೆಗೆದ.

ಟ್ಯೂಬ್‌ಲೈಟಿನ ಕೆಳಗೆ ಎರಡು ಕೆಂಪು ಕಣ್ಣು ಪಿಳಿಪಿಳಿ ಎಂದವು.

"ಯಪ್ಪೋ, ಕಣ್ಣುಬ್ಯಾನಿ!" ಎಂದು ಮುದುಕಪ್ಪ ಹಿಂದೆ ಸರಿದ. ಬೇನೆ ಬಂದ ಕಣ್ಣನ್ನು ನೋಡಿದವರಿಗೂ ಅದು ಅಂಟುತ್ತದೆಂದು ಆ ಕಡೆ ಎಲ್ಲರೂ ನಂಬಿದವರೇ. ಪಡಸಾಲೆಯಲ್ಲಿದ್ದ ಮಂದಿಯೆಲ್ಲ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು. ಮದುವೆಯ ಮಾತನ್ನು ಗೋಡೆಯೊಂದಿಗೆ ಆಡಬೇಕಾದ ಹೊತ್ತು ಬಂತು.

"ಬ್ಯಾನಿ ಅಲ್ಲ್ರೀ" ಎಂದ ಸೂಗಪ್ಪ, ಅವರ ಬೆನ್ನುಗಳಿಗೆ. "ಕುಡಿಯೋದೂ ಇಲ್ಲ. ಹಗಲೂ ರಾತ್ರಿ ಟಿವಿ ಮುಂದ ಕೂಡ್ತೀನ್ರೀ, ಅದಕ್ಕ ಹಿಂಗ ಆಗ್ಯಾವು. ಈ ಟ್ಯೂಬ್‌ಲೈಟ್‌ನ್ಯಾಗ ಇನ್ನೂ ಉರಿತಾವು. ಅದಕ್ಕಾ ಈ ಚಸ್ಮಾ. ಇದನ್ನ ಹಾಕ್ಕೊಂಡ್ರ ತಂಪಾಗತೈತಿ. ಮುಚ್ಚಿಟ್ಟಿದ್ದು ನನ್ನ ತಪ್ಪು."

ತಿರುಗದೆ ಇದ್ದವಳು ಆದಮ್ಮ ಒಬ್ಬಳೇ. "ಟ್ಯೂಬ್‌ಲೈಟು ನಿನಗೂ ಉರಿತೈತೇನು?" ಎಂದಳು. ದನಿ ಬೇರೆಯಾಗಿತ್ತು. "ನಾ ಹೇಳಿದ್ರ ಈ ಮನ್ಯಾಗ ಯಾರೂ ನಂಬವಲ್ರು. ಮುದುಕಿಗೆ ಅರಳು ಮರಳು ಅಂತಾರ. ತಾ ಇಲ್ಲಿ, ನೋಡೂನು."

ಅವಳು ಚಸ್ಮಾ ಇಸಿದುಕೊಂಡು ಮೂಗಿನ ಮೇಲೆ ಏರಿಸಿದಳು. ಸೆರಗು ತಾನಾಗಿ ಹಿಂದೆ ಸರಿಯಿತು. ಮೇಲೆ ಲೈಟು ನೋಡಿದಳು, ಕೆಳಗೆ ಅಂಗಳ ನೋಡಿದಳು, ಹುಂಜ ನೋಡಿದಳು. "ಅಯ್ಯ ನನ ಶಿವನ! ನಮ್ಮ ಚಿಮಣಿ ದೀಪದ ಬೆಳಕು ತಿರುಗಿ ಬಂದಂಗ ಆತಲ್ಲೋ!" ಕೊನೆಗೆ ಸೂಗಪ್ಪನ ಗದ್ದ ಹಿಡಿದೆತ್ತಿ ಕಣ್ಣೊಳಗೆ ನೋಡಿದಳು. ಆ ಗಾಜಿನಲ್ಲಿ ಕೆಂಪು ಎಲ್ಲಿಂದ ಕಾಣಬೇಕು? ಎಲ್ಲ ಕಂದು, ಎಲ್ಲ ತಂಪು.

"ಎಲ್ಲೈತಿ ಕೆಂಪು?" ಎಂದಳು ಮಗನ ಕಡೆ ತಿರುಗಿ. "ನನ್ನ ಕಣ್ಣಿಗೆ ಕಾಣವಲ್ದು. ನಿಮಗೆಲ್ಲ ಕಣ್ಣು ಕೆಟ್ಟಾವು."

"ಯವ್ವಾ, ಚಸ್ಮಾ ತೆಗೆದು ನೋಡಬೇ" ಎಂದ ಮುದುಕಪ್ಪ.

"ಯಾಕ ತೆಗಿಲಿ? ಕಾಣ್ಲಿ ಅಂತ ಹಾಕ್ಕೊಳ್ಳೋದು ಚಸ್ಮಾ. ಇದ್ದ ತಪ್ಪು ತಾನಾ ಒಪ್ಪಿಕೊಂಡ ಗಂಡು ನಾ ಇವತ್ತಾ ನೋಡಿದ್ದು. ಬಸ್ಸೀ, ನೀ ಏನಂತೀ?"

ಬಸ್ಸಮ್ಮ ಬಾಗಿಲಿನ ಚಿಲಕ ಉಜ್ಜುತ್ತ ಹೇಳಿದಳು, "ಉಪ್ಪಿನಕಾಯಿ ತಿಂದ್ರೂ ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ನನ್ನ ಅಡಗಿಗೆ ಇಂಥಾವರಾ ಬೇಕು."

ಮದುವೆ ಗೊತ್ತಾಯಿತು. ಕೊಡುವ ತೆಗೆದುಕೊಳ್ಳುವ ಮಾತು ಬಂದಾಗ ದುರುಗಪ್ಪ ಪದ್ಧತಿಯಂತೆ ಹೆಣ್ಣಿನ ಅಜ್ಜಿಗೆ ಅಜ್ಜಿ ಸೀರೆ ಕೊಡುತ್ತೇವೆ, ಯಾವ ಬಣ್ಣ ಬೇಕು ಎಂದು ಕೇಳಿದ. ಆದಮ್ಮ ಚಸ್ಮಾ ಸರಿಮಾಡಿಕೊಂಡು ಹೇಳಿದಳು, "ಸೀರಿ ಬ್ಯಾಡ. ಇದಾ ಸಾಕು." ಸೂಗಪ್ಪ ಬರಿಗಣ್ಣಿನಲ್ಲಿ ಸಿಂಧನೂರಿನ ಬಸ್ಸು ಹತ್ತಿದ. ಆಮೇಲೆ ಲಿಂಗಸುಗೂರಿಗೆ ಹೋಗಿ ಬುಡ್ಡೇಸಾಬನನ್ನು ಕೇಳಿದರೆ ಅಂಥ ಗಾಜು ಇನ್ನು ಹೈದರಾಬಾದಿನಿಂದ ಬರಬೇಕೆಂದ. ಅದು ಮದುವೆಯವರೆಗೆ ಬರಲಿಲ್ಲ.

ಮದುವೆ ಮಸ್ಕಿಯಲ್ಲೇ. ವಿಡಿಯೊ ಅಂಗಡಿಯವನ ಮದುವೆಗೆ ವಿಡಿಯೊ ಇಲ್ಲದಿದ್ದರೆ ಹೇಗೆ? ಸೂಗಪ್ಪನೇ ಮುಂದೆ ನಿಂತು ಶೂಟಿಂಗಿನವನನ್ನು ಕರೆಸಿದ್ದ. ಅವನ ಜೊತೆ ಇನ್ನೊಬ್ಬ ಕುಂಬಳಕಾಯಿ ಗಾತ್ರದ ಲೈಟು ಹಿಡಿದು ಬಂದಿದ್ದ. ಮಾಡಿದ್ದುಣ್ಣೋ ಮಹಾರಾಯ! ಆ ಲೈಟು ಹತ್ತಿದ್ದೇ ತಡ, ಮದುಮಗನ ಕಣ್ಣಿನ ತೂಬು ಕಿತ್ತುಹೋಯಿತು. ಬಾಸಿಂಗ ಕಟ್ಟುವಾಗ ಅತ್ತ, ತಾಳಿ ಕಟ್ಟುವಾಗ ಅತ್ತ, ಅಕ್ಕಿಕಾಳು ಬಿದ್ದಾಗ ಬಿಕ್ಕಿದ. ಹೋಳಿಗೆ ಊಟದ ಪಂಕ್ತಿಗೂ ಲೈಟಿನವನು ಬಂದು ಎದುರಿಗೇ ನಿಂತ, ಅಲ್ಲಿಯೂ ಅತ್ತ. ನೆರೆದ ಹೆಂಗಸರು, "ಪಾಪ, ಮನಸು ಭಾಳ ಮೆತ್ತಗ" ಎಂದರು. ಗಂಡಸರು, "ಈಗಾ ಅಳಾಕತ್ತಾನ, ಮುಂದ ಹೆಂಗ?" ಎಂದರು. ಬಳಗಾನೂರಿನಿಂದ ಬಂದವರೊಬ್ಬರು ಮಾತ್ರ, "ಕುಡಿದದ್ದು ಇಳಿದೈತಿ ನೋಡ್ರೀ, ಅದಕ್ಕಾ ಅಳ್ತಾನ" ಎಂದರು.

ಆದಮ್ಮ ಮುಂದಿನ ಸಾಲಿನಲ್ಲಿ ಕಂದು ಚಸ್ಮಾ ಹಾಕಿಕೊಂಡು, ಲೈಟಿನ ಕಡೆಗೇ ಮುಖ ಮಾಡಿ, ಮಂತ್ರಿಯ ಹಾಗೆ ಕೂತಿದ್ದಳು. ವಿಡಿಯೊದಲ್ಲಿ ವರನಿಗಿಂತ ಅವಳೇ ಹೆಚ್ಚು ಬಂದಿದ್ದಾಳೆ.

ಹೆಣ್ಣು ಕಳಿಸುವ ಹೊತ್ತಾಯಿತು. ಟೆಂಪೊ ಬಂದು ನಿಂತಿತು, ಲೈಟೂ ಬಂದು ನಿಂತಿತು. ಅಳಬೇಕಾದ ಬಸ್ಸಮ್ಮ ತನ್ನ ಸೆರಗಿನಿಂದ ಗಂಡನ ಕಣ್ಣೊರೆಸುತ್ತಿದ್ದಳು. "ತವರು ಬಿಟ್ಟು ಹೊಂಟಾಕಿ ಆಕಿ, ಅಳಾಂವ ಈತ" ಎಂದು ಮಂದಿಯೆಲ್ಲ ಹೊಟ್ಟೆ ಹಿಡಿದು ನಕ್ಕರು. ಸೂಗಪ್ಪನೂ ಅಳುತ್ತಲೇ ನಕ್ಕ. ಆದಮ್ಮ ಒಬ್ಬಳು ನಗಲಿಲ್ಲ. ಟೆಂಪೊದ ಬಾಗಿಲು ಹಿಡಿದು ನಿಂತಿದ್ದಳು.

ಬಸ್ಸಮ್ಮ ಬಗ್ಗಿ ಅಜ್ಜಿಯ ಕಾಲು ಮುಟ್ಟಿ, ಮೇಲೆದ್ದು, ಮೆಲ್ಲಗೆ ಆ ಚಸ್ಮಾ ತೆಗೆದಳು. ಒಳಗಿದ್ದ ಕಣ್ಣು ಸೂಗಪ್ಪನ ಕಣ್ಣಿಗಿಂತ ಕೆಂಪಗಿದ್ದವು, ಕೆನ್ನೆ ತೊಯ್ದಿತ್ತು.

"ಅಜ್ಜೀ, ನಿನಗ ಯಾವಾಗ ಬಂತಬೇ ಈ ಬ್ಯಾನಿ?"

ಆದಮ್ಮ ಮೊಮ್ಮಗಳ ಕೈಯಿಂದ ಚಸ್ಮಾ ಕಸಿದುಕೊಂಡು ಮತ್ತೆ ಹಾಕಿಕೊಂಡಳು. "ನಿನ್ನ ಗಂಡಂದಾ ಹತ್ತೇತಿ. ನಡಿ, ನಡಿ, ಹೊತ್ತಾಗತೈತಿ."