ಹೊಳೆ ಬಂದ ದಿನದ ಸೈಕಲ್ ಸವಾರಿ

ಹರಿಕೃಷ್ಣನನ್ನು ಸವಾರಿಯ ಮುಂದಾಳು ಮಾಡಿದ್ದಕ್ಕೆ ಇದ್ದದ್ದು ಒಂದೇ ಕಾರಣ. ಕೆಲಸ ಕುಡುಮಲಕುಂಟೆಯ ಕಾರ್ಖಾನೆಯಲ್ಲಾದರೂ ಅವನು ಪಿನಾಕಿನಿ ದಡದ ಹಳ್ಳಿಯವನು, ದಾರಿ ಬಲ್ಲವನು.

೨೦೦೫ರ ಅಕ್ಟೋಬರ್. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿ, ಮಂಡಿ ಹಿಡಿದುಹೋದವರ ಊರುಗಳಿಗೆ ನೀರು ಶುದ್ಧ ಮಾಡುವ ಯಂತ್ರ ಹಾಕಿಸಲು ಗೆಳೆಯರ ಬಳಗವೊಂದು ಚಂದಾ ಎತ್ತುತ್ತಿತ್ತು. ಅದಕ್ಕಾಗಿಯೇ ಈ ಸವಾರಿ. ಚಿಂತಾಮಣಿಯಿಂದ ಹೊರಟು, ಶಿಡ್ಲಘಟ್ಟ ದಾಟಿ, ನಂದಿಯ ಹಳೇ ಗುಡಿಯ ಹತ್ತಿರ ತಂಗಿ, ಮಾರನೆಯ ದಿನ ಹೊಳೆಯ ಜಾಡು ಹಿಡಿದು ವಿದುರಾಶ್ವತ್ಥ ಸೇರಬೇಕು. ಮೊದಲ ಯಂತ್ರ ಹರಿಕೃಷ್ಣನ ಊರಿಗೇ ಅಂತ ತೀರ್ಮಾನವಾಗಿತ್ತು.

ಎರಡನೇ ದಿನ ಬೆಳಿಗ್ಗೆಯಿಂದ ಎಲ್ಲರದೂ ಒಂದೇ ಪ್ರಶ್ನೆ.

"ಹೊಳೆ ಎಲ್ಲಿ ಹರೀ?" ಶಿಡ್ಲಘಟ್ಟದ ಕಾಲೇಜಿನಲ್ಲಿ ಇತಿಹಾಸ ಹೇಳುವ ಕವಿತ ಮೇಡಂ ಕೇಳಿದರು.

"ಇದೇ ಮೇಡಂ ಹೊಳೆ," ಎಂದು ಅವನು ಜಾಲಿ ಬೆಳೆದ ಮರಳು ತೋರಿಸುತ್ತಿದ್ದ. ತೋರಿಸುವಾಗೆಲ್ಲ ತನಗೇ ಸಂಕೋಚ. ಅವನು ಅದರಲ್ಲಿ ನೀರು ಕಂಡದ್ದು ಪ್ರೈಮರಿ ಸ್ಕೂಲಿನಲ್ಲಿದ್ದಾಗ. "ನಮ್ಮೂರ ಹತ್ರ ಮರಳಲ್ಲೇ ದಾಟಿಬಿಡಣ. ಸೇತುವೆವರೆಗೂ ಸುತ್ತೋದು ಉಳಿಯುತ್ತೆ," ಎಂದು ಧೈರ್ಯವಾಗಿ ಹೇಳಿದ.

ಊರು ಹತ್ತಿರವಾಗುತ್ತಿದ್ದಂತೆ ಜನ ದಡದ ಕಡೆ ಓಡುತ್ತಿರುವುದು ಕಂಡಿತು. ಯಾರಿಗೋ ಏನೋ ಆಯಿತೆಂದು ಹರಿಕೃಷ್ಣ ಜೋರಾಗಿ ತುಳಿದ. ದಡ ಏರಿದವನು ಸೈಕಲ್ ಹಿಡಿದು ನಿಂತುಬಿಟ್ಟ. ರಾತ್ರಿ ಮೇಲೆಲ್ಲೋ ಸುರಿದ ಮಳೆಗೆ ಕೆಂಪು ನೀರು ಮರಳಿನ ಅಗಲಕ್ಕೂ ಹರಿದು ಬರುತ್ತಿತ್ತು. ಹೆಂಗಸರು ಅರಿಶಿನ ಕುಂಕುಮ ಹಿಡಿದು ನಿಂತಿದ್ದರು. ಕುಣಿಯಬೇಕೋ, ದಾಟುವ ದಾರಿ ಮುಚ್ಚಿತೆಂದು ಬೈದುಕೊಳ್ಳಬೇಕೋ ಅವನಿಗೆ ಹೊಳೆಯಲಿಲ್ಲ.

ಪಂಚಾಯ್ತಿ ಮೆಂಬರ್ ಗಂಗುಲಪ್ಪ ನಗುತ್ತ ಎದುರು ಬಂದ. "ಬಂದ್ರಾ? ಹೊಳೆನೇ ಬಂದ್ಮೇಲೆ ನಿಮ್ ಮಿಷನ್ ಯಾಕಪ್ಪ? ಆ ದುಡ್ಡಲ್ಲಿ ಗಂಗಮ್ಮನಿಗೆ ಒಂದು ಗುಡಿ ಕಟ್ಸಿ."

ಕೆಲವರು ಹೌದೆಂದರು, ಕೆಲವರು ನಕ್ಕರು. ಸವಾರರು ಫೋಟೋ ತೆಗೆಯುತ್ತಿದ್ದರು. ಕವಿತ ಮೇಡಂ ಮೆಲ್ಲಗೆ, "ಹರೀ, ಇವರಿಗೆ ಏನು ಹೇಳೋದು?" ಎಂದರು. ಗಂಗುಲಪ್ಪ ಹೇಳಿದ್ದು ತಪ್ಪೆಂದು ಅವನಿಗೆ ಗೊತ್ತಿತ್ತು. ಆದರೆ ಆ ನೀರಿನ ಸದ್ದು ಕಿವಿಯಲ್ಲಿರುವಾಗ ತಪ್ಪೆಂದು ಹೇಳುವುದು ಹೇಗೆ?

ಅಷ್ಟರಲ್ಲಿ ಯಾರೋ ಅವನ ದೊಡ್ಡಮ್ಮ ಅಕ್ಕಯ್ಯಮ್ಮನನ್ನು ಟಿವಿಎಸ್ ಗಾಡಿಯ ಹಿಂದೆ ಕೂರಿಸಿಕೊಂಡು ಬಂದರು. ಅವಳ ಎರಡು ಮಂಡಿಗಳೂ ಬಾಗಿ ವರ್ಷಗಳಾಗಿದ್ದವು.

"ಎತ್ಕೋ ನಾಯನಾ. ನೀರಲ್ಲಿ ಕಾಲಿಡ್ಬೇಕು."

ಹರಿಕೃಷ್ಣ ಅವಳನ್ನು ಎತ್ತಿಕೊಂಡು ಹೋಗಿ ನೀರಿನ ಅಂಚಿನಲ್ಲಿ ಕೂರಿಸಿದ. ಕಾಲು ನೆನೆದದ್ದೇ ಅವಳು ಬಗ್ಗಿ ಬೊಗಸೆ ತುಂಬಿಕೊಂಡಳು.

"ಬೇಡ ದೊಡ್ಡಮ್ಮ, ಬರೀ ಕೆಸರು!"

"ಬೋರಿನ ನೀರು ಕನ್ನಡಿ ಹಂಗಿತ್ತಲ್ಲೋ. ಅದನ್ನ ಕುಡಿದೇ ಅಲ್ವಾ ಹಿಂಗಾಗಿದ್ದು?" ಎಂದು ಕುಡಿದೇಬಿಟ್ಟಳು.

ಕೊನೆಗೆ ಸೇತುವೆ ಸುತ್ತಿಕೊಂಡೇ ಹೋದರು. ವಿದುರಾಶ್ವತ್ಥ ಸೇರುವಾಗ ಸಂಜೆಯಾಗಿತ್ತು, ಸ್ವಾಗತದ ಸಭೆಗೆ ಹಾಕಿದ್ದ ಶಾಮಿಯಾನ ಅರ್ಧ ಬಿಚ್ಚಾಗಿತ್ತು. ಎರಡು ಮಾತಾಡು ಎಂದು ಹರಿಕೃಷ್ಣನ ಕೈಗೆ ಮೈಕ್ ಕೊಟ್ಟರು. ಯಂತ್ರ ಯಾಕೆ ಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿತ್ತು. "ನಮ್ಮ ಹೊಳೆ ಬಂದಿದೆ," ಎಂದಷ್ಟೇ ಹೇಳಿ ಕೂತ. ಜನ ಚಪ್ಪಾಳೆ ತಟ್ಟಿದರು. ಯಾತಕ್ಕೆಂದು ಅವನಿಗೆ ತಿಳಿಯಲಿಲ್ಲ.

ಅಕ್ಕಯ್ಯಮ್ಮನಿಗೆ ಎರಡು ದಿನ ಹೊಟ್ಟೆ ಕೆಟ್ಟು, ಆಮೇಲೆ ಸರಿಹೋಯಿತು. ಸಂಕ್ರಾಂತಿ ಹೊತ್ತಿಗೆ ಹೊಳೆಯಲ್ಲಿ ಮತ್ತೆ ಮರಳು. ಬೇಸಿಗೆಯಲ್ಲಿ ಯಂತ್ರ ಬಂತು. ಗುಡಿಯ ಮಾತೆತ್ತದೆ ಗಂಗುಲಪ್ಪನೇ ನಿಂತು ತೆಂಗಿನಕಾಯಿ ಒಡೆದ. ಮೊದಲ ಲೋಟ ಅಕ್ಕಯ್ಯಮ್ಮನ ಕೈಗೆ ಬಂತು. ಅವಳು ನಾಲಿಗೆ ಚಪ್ಪರಿಸಿ ನೋಡಿದಳು.

"ಏನೂ ರುಚಿ ಇಲ್ಲ ಕಣೋ."

ಹರಿಕೃಷ್ಣನ ಮುಖ ಸಣ್ಣಗಾಯಿತು. ಅವಳು ಅದನ್ನು ಗಮನಿಸಲೂ ಇಲ್ಲ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಬಿಂದಿಗೆ ತುಂಬ್ಸು, ಮನೆ ತನಕ ಹೊತ್ಕೊಂಡು ಬಾ," ಎಂದಳು.